ನಂಜುಬಳ್ಳಿಯ ಗುರುತು: ಮೂರೆಂದು ಎಣಿಸಿದರೆ ಸಾಲದು

ಉತ್ತರ ಅಮೆರಿಕದ ಪೂರ್ವಭಾಗದಲ್ಲಿ ಕಾಡಿನ ಅಂಚು, ಹೊಲದ ಬೇಲಿ, ನದಿಯ ದಡ, ಊರ ಉದ್ಯಾನದ ಬದಿ, ಹೀಗೆ ಹತ್ತು ಕಡೆ ಕಾಣಸಿಗುವ ಬಳ್ಳಿಯೊಂದುಂಟು. ಅದಕ್ಕೆ ಮುಳ್ಳಿಲ್ಲ, ಮೂಗಿಗೆ ಎಚ್ಚರಿಕೆ ಕೊಡುವ ವಾಸನೆಯಿಲ್ಲ, ಹೂವಿನಲ್ಲಿ ಯಾವ ಆಡಂಬರವೂ ಇಲ್ಲ. ಬೇಸಗೆಯಲ್ಲಿ ನೂರಾರು ಹಸುರು ಗಿಡಗಳ ನಡುವೆ ತಾನೂ ಹಸುರಾಗಿ ಅಡಗಿಕೊಂಡಿರುತ್ತದೆ. ಶರತ್ಕಾಲ ಬಂದೊಡನೆ ಕೆಂಪು, ಕಿತ್ತಳೆ, ಹಳದಿ ಬಣ್ಣಗಳನ್ನು ತಳೆದು ದಾರಿಹೋಕರ ಕಣ್ಣನ್ನು ಸೆಳೆಯುತ್ತದೆ. ಇಷ್ಟು ಸಾಧುವಾಗಿ ತೋರುವ ಈ ಬಳ್ಳಿಯ ರಸವು ಚರ್ಮಕ್ಕೆ ಸೋಕಿತೆಂದರೆ, ಒಂದೆರಡು ದಿನಗಳಲ್ಲಿ ಮೈಮೇಲೆ ಕೆಂಪು ಗೆರೆಗಳೆದ್ದು, ಸಹಿಸಲಾಗದ ತುರಿಕೆಯುಂಟಾಗಿ, ನೀರು ತುಂಬಿದ ಬೊಕ್ಕೆಗಳು ಮೂಡುತ್ತವೆ. ಗುಣವಾಗಲು ಎರಡು ಮೂರು ವಾರಗಳೇ ಬೇಕಾಗಬಹುದು. ಇಂಗ್ಲಿಷಿನಲ್ಲಿ ಇದಕ್ಕೆ ಪಾಯ್ಸನ್ ಐವಿ ಎಂದು ಹೆಸರು. ನಮ್ಮ ನಾಡಿನಲ್ಲಿ ಬೆಳೆಯದ ಗಿಡವಾದುದರಿಂದ ಕನ್ನಡದಲ್ಲಿ ಇದಕ್ಕೆ ರೂಢಿಯ ಹೆಸರಿಲ್ಲ. ಈ ಲೇಖನದ ಮಟ್ಟಿಗೆ ಇದನ್ನು ನಂಜುಬಳ್ಳಿ ಎಂದು ಕರೆಯೋಣ.

ದೂರದೇಶದ ಬಳ್ಳಿಯೊಂದರ ಗೊಡವೆ ಕನ್ನಡದ ವಿದ್ಯಾರ್ಥಿಗೆ ಏಕೆ ಎಂದು ವಾಚಕರು ಕೇಳಬಹುದು. ಪ್ರತಿ ವರ್ಷವೂ ನಮ್ಮ ಕಾಲೇಜುಗಳಿಂದ ಎಷ್ಟೋ ಮಂದಿ ತರುಣರು ಉನ್ನತ ವ್ಯಾಸಂಗಕ್ಕಾಗಿ ಆ ದೇಶಕ್ಕೆ ತೆರಳುತ್ತಿದ್ದಾರೆ. ಅವರ ತಂದೆತಾಯಿಗಳೂ ಮಕ್ಕಳನ್ನು ನೋಡಲು ಹೋಗಿ, ಬೆಳಗಿನ ಹೊತ್ತು ಅಲ್ಲಿನ ಉದ್ಯಾನಗಳಲ್ಲಿ ತಿರುಗಾಡುತ್ತಾರೆ. ಇದು ಒಂದು ಕಾರಣ. ಈ ಬಳ್ಳಿಯ ಹತ್ತಿರದ ಬಂಧುಗಳು ನಮ್ಮ ಘಟ್ಟಗಳಲ್ಲಿಯೇ ಬೆಳೆದು ನಿಂತಿರುವುದು ಇನ್ನೊಂದು ಕಾರಣ; ಆ ವಿಷಯಕ್ಕೆ ಮುಂದೆ ಬರುತ್ತೇನೆ. ಆದರೆ ನಾನು ಲೇಖನಿಯನ್ನು ಕೈಗೆತ್ತಿಕೊಂಡುದು ಮೂರನೆಯ ಕಾರಣಕ್ಕಾಗಿ. ಈ ಬಳ್ಳಿಯನ್ನು ಗುರುತಿಸಲು ಜನರಿಗೆ ಹೇಳಿಕೊಡುವ ಕ್ರಮವು ಅರೆಕುರುಡು ಕ್ರಮವೆಂದು ನನ್ನ ಅಭಿಪ್ರಾಯ. ನಾನು ಭೌತವಿಜ್ಞಾನವನ್ನು ಬೋಧಿಸುವವನು, ಸಸ್ಯಶಾಸ್ತ್ರ ನನ್ನ ವೃತ್ತಿಯಲ್ಲ. ಆದರೂ ಒಂದು ವಸ್ತುವನ್ನು ಇಂತಹುದೇ ಎಂದು ನಿರ್ಧರಿಸುವ ಕಾರ್ಯವು ಎಲ್ಲ ವಿಜ್ಞಾನಗಳಿಗೂ ಸಮಾನವಾದುದು. ಒಂದೇ ಅಳತೆಯನ್ನು ನಂಬಿ ತೀರ್ಪು ಕೊಡುವುದು ಪ್ರಯೋಗಶಾಲೆಯಲ್ಲಿ ತಪ್ಪಾದರೆ, ಕಾಡಿನ ದಾರಿಯಲ್ಲಿ ಅದು ಸರಿಯಾಗಲಾರದು.

ಅಮೆರಿಕದ ಮಕ್ಕಳಿಗೆಲ್ಲ ಬಾಯಿಪಾಠವಾಗಿರುವ ಒಂದು ಪ್ರಾಸದ ಮಾತಿದೆ. ಮೂರೆಲೆಗಳ ಗಿಡವನ್ನು ಕಂಡರೆ ಅದನ್ನು ಅದರ ಪಾಡಿಗೆ ಬಿಟ್ಟುಬಿಡಬೇಕೆಂಬುದು ಅದರ ಇಂಗಿತ. ಏಳು ವರ್ಷದ ಮಗುವಿಗೆ ಇದು ಒಳ್ಳೆಯ ಉಪದೇಶವೇ ಸರಿ. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಹೈಸ್ಕೂಲನ್ನು ದಾಟಿದವರೂ ಅಲ್ಲಿಯೇ ನಿಂತುಬಿಡುವುದು ಶೋಚನೀಯ. ಮೂರೆಲೆ ಎಂಬುದು ಪ್ರಕೃತಿಯಲ್ಲಿ ಅಪೂರ್ವವಾದ ಲಕ್ಷಣವೇನಲ್ಲ. ನಮ್ಮ ಬಿಲ್ವಕ್ಕೆ ಮೂರು ದಳ, ಮುತ್ತುಗಕ್ಕೆ ಮೂರು, ತೊಗರಿ, ಅವರೆ, ಹುರುಳಿಗಳಿಗೂ ಮೂರೇ. ಅಮೆರಿಕದ ಕಾಡುಗಳಲ್ಲಿಯೂ ಅಂತೆಯೇ ಮೂರೆಲೆಯ ನಿರಪರಾಧಿಗಳು ಬೇಕಾದಷ್ಟಿವೆ. ಸ್ಟ್ರಾಬೆರಿ ಗಿಡಕ್ಕೆ ಮೂರೆಲೆ. ಬ್ಲ್ಯಾಕ್‌ಬೆರಿ, ರಾಸ್ಪ್‌ಬೆರಿ ಪೊದೆಗಳಲ್ಲಿಯೂ ಹಲವು ಎಲೆಗಳು ಮೂರಾಗಿರುತ್ತವೆ. ಬಾಕ್ಸ್ ಎಲ್ಡರ್ ಎಂಬ ಮೇಪಲ್ ಜಾತಿಯ ಮರದ ಎಳೆಯ ಸಸಿಯಂತೂ ನಂಜುಬಳ್ಳಿಯ ಅವಳಿಯಂತೆಯೇ ತೋರುತ್ತದೆ.

ತರ್ಕಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಮೂರೆಲೆಯಿರುವುದು ಅವಶ್ಯಕವಾದ ನಿಬಂಧನೆ, ಆದರೆ ಸಾಕಾಗುವ ನಿಬಂಧನೆಯಲ್ಲ. ಒಂದು ಬೇಲಿಯಲ್ಲಿ ನೂರು ಗಿಡಗಳಿವೆಯೆಂದೂ ಅವುಗಳಲ್ಲಿ ಇಪ್ಪತ್ತು ಮೂರೆಲೆಯವೆಂದೂ ಕಲ್ಪಿಸಿಕೊಳ್ಳೋಣ. ನಂಜುಬಳ್ಳಿ ಅವುಗಳಲ್ಲಿ ಐದು ಮಾತ್ರ. ಎಣಿಕೆಯೊಂದನ್ನೇ ನಂಬಿದವನು ಹದಿನೈದು ಸಾಧು ಗಿಡಗಳಿಗೆ ಹೆದರುತ್ತಾನೆ. ಹೆದರಿ ಹೆದರಿ ಬೇಸತ್ತವನು ಕೊನೆಗೆ ಯಾವುದಕ್ಕೂ ಹೆದರದೆ ಕೈಯಿಡುತ್ತಾನೆ. ಸುಳ್ಳು ಗಂಟೆಯನ್ನು ಪದೇ ಪದೇ ಬಾರಿಸುವ ಯಂತ್ರಕ್ಕೆ ಯಾರು ತಾನೆ ಕಿವಿಗೊಡುವರು? ಇದಕ್ಕೆ ಪರಿಹಾರವೆಂದರೆ ಜರಡಿಯ ಮೇಲೆ ಜರಡಿಯನ್ನಿಡುವುದು. ಪ್ರತಿಯೊಂದು ಲಕ್ಷಣವೂ ಒಂದೊಂದು ಜರಡಿ. ಒಂದೊಂದರ ಕಣ್ಣು ದೊಡ್ಡದಾದರೂ ನಾಲ್ಕನ್ನು ಒಂದರ ಮೇಲೊಂದು ಇಟ್ಟಾಗ ಕಾಳು ಬೇರೆ, ಹೊಟ್ಟು ಬೇರೆಯಾಗುತ್ತದೆ.

ಆ ಜರಡಿಗಳು ಯಾವುವೆಂದು ನೋಡೋಣ. ಮೊದಲನೆಯದಾಗಿ, ನಾವು ಮೂರೆಲೆ ಎಂದು ಕರೆಯುವುದು ವಾಸ್ತವವಾಗಿ ಒಂದೇ ಸಂಯುಕ್ತ ಎಲೆಯ ಮೂರು ಕಿರುಎಲೆಗಳು. ಇವುಗಳಲ್ಲಿ ನಡುವಿನದು ಸ್ವಂತವಾದ ಉದ್ದನೆಯ ತೊಟ್ಟಿನ ಮೇಲೆ ಮುಂದಕ್ಕೆ ಚಾಚಿಕೊಂಡಿರುತ್ತದೆ. ಅದರ ಎರಡು ಪಾರ್ಶ್ವಗಳೂ ಹೆಚ್ಚು ಕಡಿಮೆ ಸಮವಾಗಿರುತ್ತವೆ. ಅಕ್ಕಪಕ್ಕದ ಎರಡಕ್ಕೆ ತೊಟ್ಟು ಇಲ್ಲವೆನ್ನುವಷ್ಟು ಗಿಡ್ಡ. ಅವುಗಳ ಎರಡು ಪಾರ್ಶ್ವಗಳು ಸಮವಾಗಿರುವುದಿಲ್ಲ, ಹೊರಬದಿಯು ಉಬ್ಬಿ ಒಳಬದಿಯು ಕಿರಿದಾಗಿರುತ್ತದೆ. ಎಷ್ಟೋ ವೇಳೆ ಆ ಹೊರಬದಿಯಲ್ಲಿ ಹೆಬ್ಬೆರಳಿನಂತೆ ಒಂದು ಚಾಚು ಕಂಡುಬರುತ್ತದೆ. ಎಲೆಯಂಚು ಗರಗಸದಂತೆ ಕ್ರಮವಾದ ಹಲ್ಲುಗಳುಳ್ಳದ್ದಲ್ಲ. ಒಂದೇ ಬಳ್ಳಿಯಲ್ಲಿ ನುಣುಪಾದ ಅಂಚಿನ ಎಲೆಯೂ ಅಲ್ಲೊಂದು ಇಲ್ಲೊಂದು ಕಚ್ಚುಳ್ಳ ಎಲೆಯೂ ದೊರೆಯುವುದುಂಟು. ಸುಗಂಧ ಸುಮಾಕ್ ಎಂಬ ನಿರಪಾಯಕರವಾದ ಪೊದೆಗೂ ಮೂರು ಕಿರುಎಲೆಗಳಿದ್ದರೂ ಅದರ ನಡುವಿನ ಕಿರುಎಲೆಗೆ ಪ್ರತ್ಯೇಕವಾದ ಉದ್ದ ತೊಟ್ಟಿಲ್ಲ. ಹೀಗೆ ಬರಿಯ ತೊಟ್ಟನ್ನು ನೋಡಿಯೇ ಒಂದು ಸಂಶಯವನ್ನು ನಿವಾರಿಸಿಕೊಳ್ಳಬಹುದು.

ಎರಡನೆಯದು ಎಲೆಗಳ ಜೋಡಣೆ. ನಂಜುಬಳ್ಳಿಯಲ್ಲಿ ಎಲೆಗಳು ಕಾಂಡದ ಮೇಲೆ ಒಂದು ಎಡಕ್ಕೆ, ಮುಂದಿನದು ಬಲಕ್ಕೆ, ಹೀಗೆ ಬಿಟ್ಟು ಬಿಟ್ಟು ಹೊರಡುತ್ತವೆ. ಅವಳಿಯಂತೆ ತೋರುವ ಬಾಕ್ಸ್ ಎಲ್ಡರ್ ಸಸಿಯಲ್ಲಾದರೋ ಎಲೆಗಳು ಜೋಡಿಜೋಡಿಯಾಗಿ ಎದುರುಬದುರಾಗಿ ನಿಂತಿರುತ್ತವೆ. ಎಲೆಯ ಆಕಾರವನ್ನು ಗಂಟೆಗಟ್ಟಲೆ ಹೋಲಿಸಿ ನೋಡಿದರೂ ತೀರದ ಸಂಶಯವು, ಎಲೆಯಿಂದ ದೃಷ್ಟಿಯನ್ನು ತೆಗೆದು ಕಾಂಡದ ಕಡೆ ಹರಿಸಿದರೆ ಕ್ಷಣಾರ್ಧದಲ್ಲಿ ಪರಿಹಾರವಾಗುತ್ತದೆ. ಈ ಒಂದು ಸಂಗತಿ ನನಗೆ ಬಹಳ ಪ್ರಿಯವಾದುದು. ನೋಡಬೇಕಾದುದನ್ನು ಬಿಟ್ಟು ಕಣ್ಣಿಗೆ ಬಿದ್ದುದನ್ನೇ ದಿಟ್ಟಿಸುವುದು ನಮ್ಮೆಲ್ಲರ ಸ್ವಭಾವವಲ್ಲವೆ?

ಮೂರನೆಯದಾಗಿ, ಇಲ್ಲದಿರುವುದನ್ನೂ ಗಮನಿಸಬೇಕು. ನಂಜುಬಳ್ಳಿಗೆ ಮುಳ್ಳುಗಳಿಲ್ಲ, ಆದುದರಿಂದ ಮುಳ್ಳು ಕಂಡೊಡನೆ ಅದು ಬ್ಲ್ಯಾಕ್‌ಬೆರಿಯ ಬಳಗವೆಂದು ನಿಶ್ಚಿಂತೆಯಿಂದಿರಬಹುದು. ಇದಕ್ಕೆ ಕುಡಿಬಳ್ಳಿಗಳಿಲ್ಲ, ಅವರೆಯ ಬಳ್ಳಿಯಂತೆ ಆಸರೆಯನ್ನು ಸುತ್ತಿಕೊಂಡು ಏರುವ ಪದ್ಧತಿಯೂ ಇಲ್ಲ. ಕಾಂಡದಿಂದ ಹೊರಡುವ ಅಸಂಖ್ಯಾತ ಕಿರುಬೇರುಗಳಿಂದ ಮರದ ತೊಗಟೆಯನ್ನು ಅಪ್ಪಿ ಹಿಡಿದು ನೇರವಾಗಿ ಮೇಲೇರುತ್ತದೆ. ವರ್ಜಿನಿಯಾ ಕ್ರೀಪರ್ ಎಂಬ ಇನ್ನೊಂದು ಬಳ್ಳಿ ಇದರ ನಿತ್ಯದ ನೆರೆಯವನು. ಅದಕ್ಕೆ ಸಾಮಾನ್ಯವಾಗಿ ಐದು ಕಿರುಎಲೆಗಳಿದ್ದರೂ ಎಳೆಯದಾಗಿರುವಾಗ ಮೂರೇ ಇರುವುದುಂಟು. ಆದರೆ ಅದು ಕುಡಿಬಳ್ಳಿಗಳ ತುದಿಯಲ್ಲಿರುವ ಅಂಟುಬಿಲ್ಲೆಗಳಿಂದ ಗೋಡೆಯನ್ನು ಹಿಡಿಯುತ್ತದೆ, ಅದರ ಹಣ್ಣು ಕಡುನೀಲಿ. ನಂಜುಬಳ್ಳಿಯ ಹಣ್ಣಾದರೋ ಮೇಣದಂತಹ ಮಾಸಲು ಬಿಳುಪಿನ ಸಣ್ಣ ಗುಂಡುಗಳ ಗೊಂಚಲು. ಈ ಬಿಳಿಯ ಹಣ್ಣು ಕಂಡಾಗ ಬೇರೆ ಸಾಕ್ಷಿ ಅಷ್ಟಾಗಿ ಬೇಕಿಲ್ಲ. ಕೆಂಪು ಹಣ್ಣಿನ ಗೊಂಚಲು ನಿರಪಾಯಕರವಾದ ಸುಮಾಕ್ ಪೊದೆಗಳ ಚಿಹ್ನೆ.

ಎಲೆಯ ಹೊಳಪನ್ನು ಮುಖ್ಯ ಗುರುತೆಂದು ಕೆಲವರು ಹೇಳುವುದನ್ನು ಓದಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ. ಎಳೆಯ ಎಲೆ ವಸಂತದಲ್ಲಿ ಕೆಂಪು ಛಾಯೆಯಿಂದ ಹೊಳೆಯುವುದು ನಿಜ. ಆದರೆ ಹೊಳಪೆಂಬುದು ಬೆಳಕು ಬೀಳುವ ಕೋನ, ನೋಡುವ ಕೋನ, ಎಲೆಯ ಮೇಲಿನ ಧೂಳು, ಮಳೆಯ ಹನಿ ಇವೆಲ್ಲವನ್ನೂ ಅವಲಂಬಿಸಿದ್ದು. ಒಂದೇ ಎಲೆ ಬೆಳಗ್ಗೆ ಹೊಳೆದು ಮಧ್ಯಾಹ್ನ ಮಂಕಾಗಿ ಕಾಣಬಹುದು. ಅಂತಹುದನ್ನು ಗುರುತೆಂದು ಕರೆಯಲು ಭೌತವಿಜ್ಞಾನದವನ ಮನಸ್ಸು ಹಿಂಜರಿಯುತ್ತದೆ.

ಹೆಸರಿನ ಕಥೆಯೂ ಒಂಟಿ ಲಕ್ಷಣದ ಮೋಹಕ್ಕೆ ಒಳ್ಳೆಯ ನಿದರ್ಶನ. ವರ್ಜಿನಿಯಾದಲ್ಲಿ ನೆಲೆಸಿದ್ದ ಆಂಗ್ಲ ಸಾಹಸಿ ಜಾನ್ ಸ್ಮಿತ್ ತನ್ನ 1624ರ ಗ್ರಂಥದಲ್ಲಿ ಈ ಸಸ್ಯವನ್ನು ತನ್ನ ದೇಶದ ಐವಿಗೆ ಹೋಲಿಸಿದನು. ಏರುವ ರೀತಿಯೊಂದರ ಹೊರತು ಇಂಗ್ಲೆಂಡಿನ ಐವಿಗೂ ಇದಕ್ಕೂ ಯಾವ ನಂಟೂ ಇಲ್ಲ. ಎರಡೂ ಬೇರೆ ಬೇರೆ ಕುಟುಂಬಗಳಿಗೆ ಸೇರಿದವು. ಸಸ್ಯಗಳ ನಾಮಕರಣದ ಪಿತಾಮಹನೆನಿಸಿದ ಲಿನೇಯಸ್ 1753ರಲ್ಲಿ ಇದನ್ನು ವರ್ಗೀಕರಿಸುವಾಗ, ಬೇರುಬಿಟ್ಟು ಏರುವ ರೂಪಕ್ಕೆ ಒಂದು ಹೆಸರನ್ನೂ ಇನ್ನೊಂದು ರೂಪಕ್ಕೆ ಬೇರೊಂದು ಹೆಸರನ್ನೂ ಕೊಟ್ಟು ಎರಡನ್ನೂ ರುಸ್ ಎಂಬ ಜಾತಿಯಲ್ಲಿ ಸೇರಿಸಿದನು. ಇಂದಿನ ಶಾಸ್ತ್ರಜ್ಞರು ಇದನ್ನು ಟಾಕ್ಸಿಕೋಡೆಂಡ್ರಾನ್ ಎಂಬ ಪ್ರತ್ಯೇಕ ಜಾತಿಯಲ್ಲಿಡುತ್ತಾರೆ. ‘ವಿಷವೃಕ್ಷ’ ಎಂದು ಆ ಪದದ ಅರ್ಥ. ಈ ಗಿಡದ ರೂಪವೇ ಅಷ್ಟು ಚಂಚಲ. ನೆಲದ ಮೇಲೆ ಅಂಗೈಯೆತ್ತರದ ಹಾಸಾಗಿ ಹಬ್ಬುತ್ತದೆ. ಬಯಲಿನಲ್ಲಿ ಪೊದೆಯಾಗಿ ನಿಲ್ಲುತ್ತದೆ. ಮರ ಸಿಕ್ಕಿದರೆ ನೆತ್ತಿಯವರೆಗೆ ಏರಿ, ಅಡ್ಡಕ್ಕೆ ಚಾಚಿದ ತನ್ನ ಕೊಂಬೆಗಳನ್ನು ಆ ಮರದ ಕೊಂಬೆಗಳೆಂಬಂತೆ ತೋರಿಸುತ್ತದೆ.

ಇನ್ನು ಅದು ಬೆಳೆಯುವ ಜಾಗದ ವಿಚಾರ. ನನ್ನ ಮಟ್ಟಿಗೆ ಇದು ಎಲೆಯಷ್ಟೇ ಮುಖ್ಯವಾದ ಗುರುತು. ಪೂರ್ವದ ನಂಜುಬಳ್ಳಿಯು ಕೆನಡದ ನೋವಾ ಸ್ಕೋಶಿಯಾದಿಂದ ದಕ್ಷಿಣದ ಫ್ಲಾರಿಡದವರೆಗೆ, ಪಶ್ಚಿಮಕ್ಕೆ ಟೆಕ್ಸಸ್‌ವರೆಗೆ, ಅಲ್ಲಿಂದ ಕೆಳಗೆ ಮೆಕ್ಸಿಕೋದವರೆಗೆ ಹರಡಿದೆ. ಅಟ್ಲಾಂಟಿಕ್ ಸಾಗರದ ನಡುವಿನ ಬರ್ಮುಡಾ ದ್ವೀಪಗಳಲ್ಲಿಯೂ ಇದೆ. ಉತ್ತರ ಮತ್ತು ಪಶ್ಚಿಮದ ಸೀಮೆಗಳಲ್ಲಿ ಇದರ ತಮ್ಮನಂತಿರುವ ಇನ್ನೊಂದು ಪ್ರಭೇದ ಬೆಳೆಯುತ್ತದೆ. ಅದು ಮರವೇರದೆ ಕುಳ್ಳಗಿನ ಪೊದೆಯಾಗಿಯೇ ಉಳಿಯುತ್ತದೆ. ಕ್ಯಾಲಿಫೋರ್ನಿಯ, ಆರೆಗಾನ್‌ಗಳಿಗೆ ಹೋದವರು ಎದುರಿಸಬೇಕಾದುದು ಪಾಯ್ಸನ್ ಓಕ್ ಎಂಬ ಸೋದರನನ್ನು. ಅದಕ್ಕೂ ಮೂರು ಕಿರುಎಲೆಗಳೇ, ಆದರೆ ಅಂಚು ಓಕ್ ಮರದ ಎಲೆಯಂತೆ ಅಲೆಯಲೆಯಾಗಿರುತ್ತದೆ. ಪೂರ್ವದ ಜೌಗುಭೂಮಿಗಳಲ್ಲಿ ಪಾಯ್ಸನ್ ಸುಮಾಕ್ ಎಂಬ ಮತ್ತೊಬ್ಬ ಸೋದರನಿದ್ದಾನೆ. ಅವನ ಎಲೆಯಲ್ಲಿ 7ರಿಂದ 13 ಕಿರುಎಲೆಗಳು! ಮೂರರ ಲೆಕ್ಕವನ್ನು ಮಾತ್ರ ಕಲಿತವನು ಇವನ ಮುಂದೆ ನಿಶ್ಶಸ್ತ್ರನೇ ಸರಿ. ಅಲಾಸ್ಕ, ಹವಾಯಿಗಳಲ್ಲಿ ನಂಜುಬಳ್ಳಿಯ ಭಯವಿಲ್ಲ. ಮರುಭೂಮಿಗಳಲ್ಲಿಯೂ ಎತ್ತರವಾದ ಬೆಟ್ಟಗಳ ಮೇಲೆಯೂ ಅದು ವಿರಳ.

ಭೂಪಟದ ಮೇಲಿನ ಈ ವಿಸ್ತಾರಕ್ಕಿಂತಲೂ ಹತ್ತಿರದ ನೆಲೆಯನ್ನು ಅರಿಯುವುದು ಹೆಚ್ಚು ಪ್ರಯೋಜನಕರ. ನಂಜುಬಳ್ಳಿ ಅಂಚುಗಳ ಸಸ್ಯ. ನೆರಳನ್ನು ಅದು ಸಹಿಸಬಲ್ಲದಾದರೂ ಬೆಳಕು ಚೆನ್ನಾಗಿ ದೊರೆಯುವಲ್ಲಿ ಅದರ ಉತ್ಸಾಹ ಹೆಚ್ಚು. ದಟ್ಟವಾದ ಕಾಡಿನ ನಡುವೆ ಬೆಳಕು ನೆಲಕ್ಕೆ ಇಳಿಯುವುದಿಲ್ಲ; ಬಟ್ಟಬಯಲಿನಲ್ಲಿ ಏರಲು ಆಸರೆಯಿಲ್ಲ. ಎರಡೂ ಒಟ್ಟಿಗೆ ದೊರೆಯುವುದು ಕಾಡೂ ಬಯಲೂ ಸಂಧಿಸುವ ರೇಖೆಯಲ್ಲಿ. ಹಾಗಾದರೆ ಈ ರೇಖೆಗಳನ್ನು ಎಳೆದವರು ಯಾರು? ಬಹುಮಟ್ಟಿಗೆ ಮನುಷ್ಯರೇ. ಕಾಡನ್ನು ಸೀಳಿ ರಸ್ತೆಯನ್ನು ಮಾಡಿದಾಗ ಎರಡು ಅಂಚುಗಳು ಹುಟ್ಟುತ್ತವೆ. ಹೊಲಕ್ಕೆ ಬೇಲಿ ಹಾಕಿದಾಗ, ರೈಲುಹಾದಿಯನ್ನು ಹಾಸಿದಾಗ, ಬಡಾವಣೆಯನ್ನು ಕಟ್ಟಿ ನಡುನಡುವೆ ಮರಗಳ ತೋಪನ್ನು ಉಳಿಸಿದಾಗ ಅಂಚುಗಳ ಮೇಲೆ ಅಂಚುಗಳು ಹುಟ್ಟುತ್ತವೆ. ಇದರ ಬಿಳಿಯ ಹಣ್ಣುಗಳು ಹಕ್ಕಿಗಳಿಗೆ ಚಳಿಗಾಲದ ಆಹಾರ. ತಿಂದ ಹಕ್ಕಿ ಬಂದು ಕುಳಿತುಕೊಳ್ಳುವುದಾದರೂ ಎಲ್ಲಿ? ಬೇಲಿಯ ಕಂಬದ ಮೇಲೆ! ಅದರ ಬುಡದಲ್ಲಿಯೇ ಮುಂದಿನ ಬಳ್ಳಿ ಮೊಳೆಯುತ್ತದೆ. ಮನುಷ್ಯ ಎಲ್ಲಿ ಹೆಚ್ಚಾಗಿ ಓಡಾಡುವನೋ ಅಲ್ಲಿಯೇ ಈ ಬಳ್ಳಿ ಹೆಚ್ಚಾಗಿ ಇರುವುದು ಆಕಸ್ಮಿಕವಲ್ಲ. ಆದುದರಿಂದ ದಾರಿಯ ನಡುವೆ ನಡೆಯುವಾಗ ತೋರದ ಎಚ್ಚರಿಕೆಯನ್ನು ದಾರಿಯ ಬದಿಗೆ ಕಾಲಿಡುವಾಗ ತೋರಬೇಕು. ಚೆಂಡು ಉರುಳಿಹೋದ ಪೊದೆ, ನದಿಯ ದಡದಲ್ಲಿ ಕುಳಿತುಕೊಳ್ಳಲು ಆರಿಸಿಕೊಂಡ ಮರದ ಬುಡ, ಸಮುದ್ರತೀರದ ಮರಳದಿಬ್ಬ, ಪಾಳುಮನೆಯ ಗೋಡೆ, ಇವು ಅದರ ನಿಜವಾದ ವಿಳಾಸಗಳು.

ಎಲೆಯ ಎಣಿಕೆಯ ಅತಿ ದೊಡ್ಡ ಲೋಪವೆಂದರೆ ಎಲೆಗಳಿಲ್ಲದ ಕಾಲದಲ್ಲಿ ಅದು ಮೂಕವಾಗುವುದು. ನಂಜುಬಳ್ಳಿ ಚಳಿಗಾಲದಲ್ಲಿ ಎಲೆಯುದುರಿಸುತ್ತದೆ. ಆದರೆ ವಿಷವನ್ನು ಉದುರಿಸುವುದಿಲ್ಲ. ಕಾಂಡದಲ್ಲಿಯೂ ಬೇರಿನಲ್ಲಿಯೂ ಅದು ವರ್ಷವಿಡೀ ಇರುತ್ತದೆ. ಒಣಗಿ ಸತ್ತ ಬಳ್ಳಿಯಲ್ಲಿ ಕೂಡ ಬಹುಕಾಲ ಉಳಿಯುತ್ತದೆ. ಅಲ್ಲಿ ವ್ಯಾಸಂಗ ಮಾಡುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬರೆದಿದ್ದ: ಬೇಸಗೆಯುದ್ದಕ್ಕೂ ಮೂರೆಲೆಯ ಗಿಡಗಳಿಂದ ಮಾರು ದೂರ ನಡೆದು ಕ್ಷೇಮವಾಗಿದ್ದ ಅವನು, ನವೆಂಬರ್ ತಿಂಗಳಿನಲ್ಲಿ ಗೆಳೆಯರೊಡನೆ ಶಿಬಿರಕ್ಕೆ ಹೋಗಿ, ಬಿದ್ದ ಮರದಿಂದ ಸೌದೆಯನ್ನು ಆಯ್ದು ತಂದನಂತೆ. ಆ ಮರಕ್ಕೆ ನಾರುನಾರಾದ ಹಗ್ಗದಂತಹ ಬಳ್ಳಿಯೊಂದು ಅಂಟಿಕೊಂಡಿತ್ತು. ಎರಡು ದಿನಗಳ ಮೇಲೆ ಎರಡು ತೋಳುಗಳೂ ಬೊಕ್ಕೆಯೆದ್ದವು. ಅವನಿಗೆ ಎಲೆಯನ್ನು ಎಣಿಸಲು ಯಾರೋ ಕಲಿಸಿದ್ದರು. ಕಾಂಡವನ್ನು ನೋಡಲು ಯಾರೂ ಕಲಿಸಿರಲಿಲ್ಲ. ಮರದ ತೊಗಟೆಗೆ ರೋಮಗಳಿಂದ ಕೂಡಿದ ಹಗ್ಗದಂತೆ ಅಂಟಿಕೊಂಡಿರುವ ಕಾಂಡವೇ ಚಳಿಗಾಲದ ಗುರುತು. ಅಂತಹ ಸೌದೆಯನ್ನು ಸುಡುವುದಂತೂ ಮುಟ್ಟುವುದಕ್ಕಿಂತಲೂ ಘೋರವಾದುದು. ಹೊಗೆಯ ಕಣಗಳೊಡನೆ ವಿಷವು ಗಾಳಿಯಲ್ಲಿ ತೇಲಿ, ಕಣ್ಣು, ಗಂಟಲು, ಶ್ವಾಸಕೋಶಗಳನ್ನು ಸೇರಿ ಪ್ರಾಣಾಪಾಯವನ್ನೇ ತಂದೊಡ್ಡಬಹುದು.

ಗಿಡವನ್ನು ಗುರುತಿಸುವ ಕೆಲಸವನ್ನು ಈಗ ಕೈಫೋನಿಗೆ ಒಪ್ಪಿಸುವ ವಾಡಿಕೆ ಬೆಳೆದಿದೆ. ಎಲೆಯ ಚಿತ್ರವನ್ನು ತೆಗೆದರೆ ಹೆಸರು ತೆರೆಯ ಮೇಲೆ ಮೂಡುತ್ತದೆ. ಉಪಕರಣವನ್ನು ಬಳಸಬಾರದೆಂದು ನಾನು ಹೇಳುವುದಿಲ್ಲ. ಆದರೆ ಚಿತ್ರವನ್ನು ತೆಗೆಯಬೇಕೆಂದು ತೋಚುವುದಕ್ಕೆ ಮೊದಲೇ ಸಂಶಯವು ನಮ್ಮ ಕಣ್ಣಿನಲ್ಲಿ ಹುಟ್ಟಬೇಕಷ್ಟೆ? ಪೊದೆಯೊಳಗೆ ಕೈಹಾಕಿದ ಮೇಲೆ ಹೆಸರು ತಿಳಿದು ಫಲವೇನು?

ಈ ವಿಷದ ಸ್ವರೂಪವನ್ನು ಸ್ವಲ್ಪ ತಿಳಿದುಕೊಳ್ಳೋಣ. ಉರುಷಿಯಾಲ್ ಎಂದು ಅದರ ಹೆಸರು. ಜಪಾನ್ ದೇಶದ ಪ್ರಸಿದ್ಧ ಅರಗಿನ ಕೆಲಸಕ್ಕೆ ಬೇಕಾದ ರಸವನ್ನು ಇದೇ ಜಾತಿಯ ಮರವೊಂದರಿಂದ ತೆಗೆಯುತ್ತಾರೆ; ಆ ರಸಕ್ಕೆ ಅಲ್ಲಿ ಉರುಷಿ ಎನ್ನುವರು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ರಿಕೊ ಮಾಜಿಮಾ ಎಂಬ ಜಪಾನೀ ರಸಾಯನವಿಜ್ಞಾನಿ ಇದರ ರಚನೆಯನ್ನು ಬಿಡಿಸಿ ತೋರಿಸಿದನು. ಕ್ಯಾಟಿಕಾಲ್ ಎಂಬ ಉಂಗುರದಾಕಾರದ ಅಣುವಿಗೆ 15 ಅಥವಾ 17 ಇಂಗಾಲದ ಪರಮಾಣುಗಳ ಉದ್ದನೆಯ ಬಾಲವೊಂದು ಜೋಡಿಸಿಕೊಂಡಿದೆಯೆಂದು ಊಹಿಸಿಕೊಳ್ಳಿ. ಎಣ್ಣೆಯಂತಹ ಆ ಬಾಲದ ದೆಸೆಯಿಂದ ಅದು ಚರ್ಮದೊಳಕ್ಕೆ ಸುಲಭವಾಗಿ ಇಳಿಯುತ್ತದೆ. ಉಂಗುರವು ಆಮ್ಲಜನಕದೊಡನೆ ವರ್ತಿಸಿ ಚರ್ಮದ ಪ್ರೋಟೀನುಗಳಿಗೆ ಬೆಸೆದುಕೊಳ್ಳುತ್ತದೆ. ದೇಹದ ರಕ್ಷಣಾ ವ್ಯವಸ್ಥೆಯು ತನ್ನದೇ ಚರ್ಮವನ್ನು ಪರಕೀಯವೆಂದು ಭಾವಿಸಿ ಅದರ ಮೇಲೆ ಧಾಳಿಯಿಡುತ್ತದೆ. ಬೊಕ್ಕೆಗಳು ಈ ಧಾಳಿಯ ಫಲ. ಬೊಕ್ಕೆಯೊಳಗಿನ ನೀರಿನಿಂದ ರೋಗ ಹರಡುವುದೆಂಬ ನಂಬಿಕೆ ತಪ್ಪು. ಆ ನೀರಿನಲ್ಲಿ ಉರುಷಿಯಾಲ್ ಇರುವುದಿಲ್ಲ. ಬಟ್ಟೆ, ಪಾದರಕ್ಷೆ, ಕತ್ತಿಯ ಹಿಡಿ, ನಾಯಿಯ ಮೈಗೂದಲು ಇವುಗಳ ಮೇಲೆ ಉಳಿದ ಎಣ್ಣೆಯೇ ಮತ್ತೆ ಮತ್ತೆ ಮೈಗೆ ಸೋಕುತ್ತಿರುತ್ತದೆ.

ಇಲ್ಲಿ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದ ಒಂದು ಬಲೆಯಿದೆ. ಮೊದಲ ಸಲ ಮುಟ್ಟಿದವನಿಗೆ ಏನೂ ಆಗದಿರಬಹುದು, ಅಥವಾ ವಾರಗಳು ಕಳೆದ ಮೇಲೆ ಆಗಬಹುದು. ರಕ್ಷಣಾ ವ್ಯವಸ್ಥೆಗೆ ಶತ್ರುವಿನ ಪರಿಚಯವಾಗಲು ಕಾಲ ಬೇಕು. ಎರಡನೆಯ ಸಲ ಒಂದೆರಡು ದಿನಗಳಲ್ಲಿಯೇ ಬೊಕ್ಕೆಯೇಳುತ್ತದೆ. ‘ನಾನು ಮುಟ್ಟಿದೆ, ಏನೂ ಆಗಲಿಲ್ಲ, ಆದುದರಿಂದ ಇದು ನಂಜುಬಳ್ಳಿಯಲ್ಲ’ ಎಂಬ ತರ್ಕವು ನೋಡಲು ಪ್ರಯೋಗದಂತಿದ್ದರೂ ಪ್ರಯೋಗವಲ್ಲ. ಮುಟ್ಟಿ ನೋಡುವುದು ಗುರುತಿಸುವ ವಿಧಾನಗಳಲ್ಲಿ ಅತಿ ಕೀಳಾದುದು. ಅಪಾಯಕರವೆಂಬ ಕಾರಣದಿಂದ ಮಾತ್ರವಲ್ಲ, ಅದು ಕೊಡುವ ಉತ್ತರವೂ ನಂಬಲರ್ಹವಲ್ಲವೆಂಬ ಕಾರಣದಿಂದ. ಅಕಸ್ಮಾತ್ತಾಗಿ ಸೋಕಿದರೆ ತಡಮಾಡದೆ, ಸಾಧ್ಯವಾದರೆ ಹತ್ತು ನಿಮಿಷಗಳೊಳಗೆ, ಸಾಬೂನು ಮತ್ತು ಧಾರಾಳವಾದ ನೀರಿನಿಂದ ತೊಳೆದುಕೊಳ್ಳಬೇಕು. ಉಟ್ಟ ಬಟ್ಟೆಯನ್ನೂ ಒಗೆಯಬೇಕು. ಮುಖಕ್ಕೋ ಕಣ್ಣಿಗೋ ತಗುಲಿದರೆ, ಉಸಿರಾಟಕ್ಕೆ ತೊಂದರೆಯಾದರೆ ವೈದ್ಯರ ಬಳಿಗೆ ಓಡಬೇಕು.

ಇಷ್ಟೆಲ್ಲ ಕಿರುಕುಳ ಕೊಡುವ ಬಳ್ಳಿಯನ್ನು ಬೇರುಸಹಿತ ನಿರ್ಮೂಲ ಮಾಡಬಾರದೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಮಕ್ಕಳು ಆಡುವ ಜಾಗದಿಂದ ತೆಗೆಯಲೇಬೇಕು. ಆದರೆ ಕಾಡಿನಿಂದ ತೆಗೆಯಲು ನಮಗೇನು ಅಧಿಕಾರ? ಜಿಂಕೆಗಳು ಇದರ ಎಲೆಯನ್ನು ನಿರಾತಂಕವಾಗಿ ಮೇಯುತ್ತವೆ. ಹಲವಾರು ಜಾತಿಯ ಹಕ್ಕಿಗಳು ಹಣ್ಣನ್ನು ನೆಚ್ಚಿವೆ. ಈ ಬೇನೆ ಬಹುಮಟ್ಟಿಗೆ ಮನುಷ್ಯನದು ಮಾತ್ರ. ಮೇಲಾಗಿ, ಈ ಬಳ್ಳಿಗೆ ನಾವು ಅಂಚುಗಳನ್ನಷ್ಟೇ ಅಲ್ಲದೆ ಗೊಬ್ಬರವನ್ನೂ ಒದಗಿಸುತ್ತಿರುವಂತೆ ತೋರುತ್ತದೆ. ಉತ್ತರ ಕ್ಯಾರೊಲೈನದ ಡ್ಯೂಕ್ ವಿಶ್ವವಿದ್ಯಾನಿಲಯದ ಕಾಡಿನಲ್ಲಿ ಶಾಸ್ತ್ರಜ್ಞರು ಮರಗಳ ನಡುವೆ ಕೊಳವೆಗಳನ್ನು ನಿಲ್ಲಿಸಿ, ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡಿನ ಪ್ರಮಾಣವನ್ನು ಆಗಿನ ಮಟ್ಟಕ್ಕಿಂತ ಹತ್ತು ಲಕ್ಷಕ್ಕೆ ಸುಮಾರು 200 ಭಾಗಗಳಷ್ಟು ಏರಿಸಿ, ಆರು ವರ್ಷಗಳ ಕಾಲ ಗಮನಿಸಿದರು. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆ ಗಾಳಿಯಲ್ಲಿ ನಂಜುಬಳ್ಳಿಯ ವಾರ್ಷಿಕ ಬೆಳವಣಿಗೆ ಎರಡರಷ್ಟಕ್ಕೂ ಮಿಗಿಲಾಯಿತು. ಅಷ್ಟೇ ಅಲ್ಲ, ಅದರ ಉರುಷಿಯಾಲ್ ಹೆಚ್ಚು ತೀಕ್ಷ್ಣವಾದ ಬಗೆಯದಾಯಿತು. ಮರಗಳಂತೆ ದಪ್ಪನೆಯ ಕಾಂಡವನ್ನು ಕಟ್ಟಿಕೊಳ್ಳುವ ಹೊರೆ ಬಳ್ಳಿಗಿಲ್ಲದುದರಿಂದ, ದೊರೆತ ಇಂಗಾಲವನ್ನು ಅದು ಎಲೆಗಳಿಗೆ ಧಾರಾಳವಾಗಿ ವಿನಿಯೋಗಿಸಬಲ್ಲದು. ಬಳ್ಳಿ ಬಲಿಯುವ ಕಾಲದಲ್ಲಿ ಅದನ್ನು ಅರಿಯುವ ಕಣ್ಣು ಮಂಕಾಗಿಯೇ ಉಳಿಯುವುದು ಜಾಣತನವಲ್ಲ.

ಕೊನೆಯದಾಗಿ ನಮ್ಮ ನಾಡಿನ ಬಂಧುಗಳ ಮಾತು. ನಂಜುಬಳ್ಳಿಯ ಕುಟುಂಬದ ಹೆಸರನ್ನು ಕೇಳಿದರೆ ವಾಚಕರು ಬೆರಗಾಗುವರು: ಅದು ಮಾವು, ಗೋಡಂಬಿಗಳ ಕುಟುಂಬ! ಗೋಡಂಬಿಯ ಸಿಪ್ಪೆಯ ಎಣ್ಣೆ ಕೈಯನ್ನು ಸುಡುವುದನ್ನು ಕರಾವಳಿಯವರು ಬಲ್ಲರು. ಮಾವಿನ ಸೊನೆ ತುಟಿಯಂಚನ್ನು ಉರಿಸುವುದನ್ನು ಬಲ್ಲದ ಹುಡುಗನಿಲ್ಲ. ಬಟ್ಟೆಗೆ ಗುರುತು ಹಾಕಲು ಅಗಸರು ಬಳಸುತ್ತಿದ್ದ ಗೇರುಕಾಯಿ, ಎಂದರೆ ಆಯುರ್ವೇದದ ಭಲ್ಲಾತಕವೂ ಇದೇ ಬಳಗದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತಕ್ಕೆ ಬಂದ ಅಮೆರಿಕದ ಸೈನಿಕರ ಕತ್ತಿನ ಹಿಂಭಾಗದಲ್ಲಿಯೂ ಸೊಂಟದಲ್ಲಿಯೂ ವಿಚಿತ್ರವಾದ ಬೊಕ್ಕೆಗಳು ಕಾಣಿಸಿಕೊಂಡವು. ಅವರ ವೈದ್ಯರು ಹುಡುಕುತ್ತ ಹೋದಾಗ, ಅಂಗಿಯ ಮೇಲೆ ಅಗಸನು ಇಟ್ಟ ಗೇರಿನ ಗುರುತೇ ಕಾರಣವೆಂದು ತಿಳಿದುಬಂದಿತು. 1943ರಲ್ಲಿ ಅಮೆರಿಕದ ವೈದ್ಯ ಪತ್ರಿಕೆಯಲ್ಲಿ ಇದರ ವರದಿ ಪ್ರಕಟವಾಯಿತು. ಅವರ ದೇಶದ ನಂಜುಬಳ್ಳಿಗೆ ಮೊದಲೇ ಮಣಿದ ಮೈಯಾದರೆ ನಮ್ಮ ಗೇರಿನ ಚುಕ್ಕೆಗೂ ಉರಿದೇಳಬಲ್ಲದು. ಅದೇ ರೀತಿ, ಗೋಡಂಬಿಯ ಎಣ್ಣೆಗೆ ಇಲ್ಲಿ ಒಮ್ಮೆ ನೊಂದ ಮೈ ಅಲ್ಲಿನ ಬಳ್ಳಿಯನ್ನು ಮೊದಲ ಸಲ ಮುಟ್ಟಿದಾಗಲೇ ಬೊಕ್ಕೆಯೇಳುವ ಸಂಭವವುಂಟು.

ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣದ ಕಾಡುಗಳಲ್ಲಿ ಹೊಲಗೇರು ಎಂಬ ಮರವಿದೆ. ಸಸ್ಯಶಾಸ್ತ್ರದಲ್ಲಿ ಅದರ ಜಾತಿಗೆ ಹೊಲಿಗಾರ್ನ ಎಂಬ ಹೆಸರು ಬಂದುದೂ ಕನ್ನಡದ ಈ ಪದದಿಂದಲೇ. ಅದರ ಸೊನೆ ಚರ್ಮವನ್ನು ಸುಡುವ ವಿಚಾರದಲ್ಲಿ ನಂಜುಬಳ್ಳಿಗೆ ಏನೇನೂ ಕಡಿಮೆಯಿಲ್ಲ. ಮಲೆನಾಡಿನ ಹಿರಿಯರು ಅದನ್ನು ದೂರದಿಂದಲೇ ಬಲ್ಲರು. ಆದರೆ ಪಟ್ಟಣದಿಂದ ಚಾರಣಕ್ಕೆಂದು ಬಂದು, ಜಾರುವ ದಾರಿಯಲ್ಲಿ ಸಿಕ್ಕಿದ ಮರವನ್ನು ತಬ್ಬಿ ನಿಲ್ಲುವ ಕಾಲೇಜು ವಿದ್ಯಾರ್ಥಿ ಅದನ್ನು ಬಲ್ಲನೇ? ನಮ್ಮ ಪಠ್ಯಪುಸ್ತಕಗಳು ಎಲೆಯ ವಿಧಗಳನ್ನು ಚಿತ್ರ ಬರೆದು ಹೆಸರಿಸಲು ಕಲಿಸುತ್ತವೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕಗಳೂ ದೊರೆಯುತ್ತವೆ. ಪರ್ಯಾಯ ಜೋಡಣೆ, ಅಭಿಮುಖ ಜೋಡಣೆ ಎಂಬ ಮಾತುಗಳನ್ನು ಉರುಹೊಡೆದ ವಿದ್ಯಾರ್ಥಿಗೆ, ಒಂದು ಗಿಡದ ಮುಂದೆ ನಿಂತಾಗ ಆ ಮಾತು ಮೈಯನ್ನು ಕಾಯಬಲ್ಲದೆಂಬುದು ಹೊಳೆಯುವುದೇ ಇಲ್ಲ. ಮಲೆನಾಡಿನ ಒಂದೊಂದು ಹೈಸ್ಕೂಲೂ ವರ್ಷಕ್ಕೊಮ್ಮೆಯಾದರೂ, ಕಾಡನ್ನು ಬಲ್ಲ ಹಿರಿಯರೊಬ್ಬರನ್ನು ಮುಂದಿಟ್ಟುಕೊಂಡು, ಮಕ್ಕಳನ್ನು ಹೊಲಗೇರಿನ ಬಳಿಗೆ ಕರೆದೊಯ್ಯಬೇಕೆಂದು ನನ್ನ ಸೂಚನೆ. ಮೂರರ ಲೆಕ್ಕ ಅಲ್ಲಿ ಏತಕ್ಕೂ ಬಾರದು, ಏಕೆಂದರೆ ಹೊಲಗೇರಿನದು ಬಿಡಿಯೆಲೆ. ಮುಟ್ಟದೆ, ನಾಲ್ಕು ಹೆಜ್ಜೆ ದೂರ ನಿಂತು, ತೊಗಟೆಯ ಗಾಯದಿಂದ ಒಸರಿ ಗಾಳಿಗೆ ಕಪ್ಪಾದ ಸೊನೆಯ ಕಲೆಗಳನ್ನು ಮೊದಲು ನೋಡಲಿ. ಅನಂತರ ತಗ್ಗಿದ ಕೊಂಬೆಯೊಂದರಲ್ಲಿ ಎಲೆಯ ತೊಟ್ಟಿನ ಕಡೆ ಕಣ್ಣು ಹಾಯಿಸಲಿ. ಆ ತೊಟ್ಟಿನ ಎರಡು ಬದಿಗಳಲ್ಲಿ, ಹುಡುಕಿದವರಿಗೆ ಮಾತ್ರ ಕಾಣುವಂತೆ, ಎರಡು ಪುಟ್ಟ ಕೊಂಬುಗಳಿರುತ್ತವೆ.